ಸೂಜಿ ಹಾಕುವ ಮೊದಲು ನಾನು ಕೇಳುವುದು

"ತಿಂಡಿ ಆಯ್ತಾ?" ಶಿವಮೊಗ್ಗದ ನನ್ನ ಅಕ್ಯುಪಂಕ್ಚರ್ (ಚೀನಾದ ಸೂಜಿ ಚಿಕಿತ್ಸೆ) ಕ್ಲಿನಿಕ್ಕಿಗೆ ಹೊಸದಾಗಿ ಯಾರೇ ಬರಲಿ, ನಾನು ಮೊದಲು ಕೇಳುವುದು ಇದನ್ನೇ. ನಮ್ಮ ಕಡೆ ಎಲ್ಲರೂ ಎಲ್ಲರನ್ನೂ ಕೇಳುವ ಮಾತು, ಅಲ್ವಾ? ನಾನು ಮಾತ್ರ ಉತ್ತರ ಬರುವವರೆಗೆ ಸೂಜಿ ಡಬ್ಬಿ ಮುಟ್ಟುವುದಿಲ್ಲ.

ಇದನ್ನು ನನಗೆ ಕಲಿಸಿದವರು ತೀರ್ಥಹಳ್ಳಿ ಕಡೆಯ ಒಬ್ಬ ಅಮ್ಮ. ಬಿ.ಎನ್.ವೈ.ಎಸ್. (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಮುಗಿಸಿ ನಾನು ಪ್ರಾಕ್ಟೀಸ್ ಶುರು ಮಾಡಿದ ಮೊದಲ ವರ್ಷ. ಅಡಿಕೆ ಸುಗ್ಗಿ ಆಗಷ್ಟೇ ಮುಗಿದಿತ್ತು. ಎರಡು ತಿಂಗಳು ಮೆಟ್ಟುಗತ್ತಿ ಮುಂದೆ ಕೂತು ಸುಲಿದೂ ಸುಲಿದೂ ಅವರ ಕುತ್ತಿಗೆ, ಬಲಭುಜ ಹಿಡಿದುಕೊಂಡಿತ್ತು. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಸೂಜಿ ಹಾಕಿದೆ. ಐದನೆಯದನ್ನು ತೆಗೆದುಕೊಳ್ಳುವಷ್ಟರಲ್ಲಿ ಅವರ ಮುಖ ಬಿಳುಚಿತು, ಹಣೆಯ ಮೇಲೆ ತಣ್ಣನೆ ಬೆವರು. "ಡಾಕ್ಟ್ರಮ್ಮ, ಕಣ್ಣು ಕತ್ತಲೆ ಬರ್ತಿದೆ" ಎಂದರು. ಸೂಜಿಗಳನ್ನೆಲ್ಲ ತೆಗೆದೆ, ಮಲಗಿಸಿದೆ, ಕಾಲ ಕೆಳಗೆ ದಿಂಬು ಇಟ್ಟೆ. ಸ್ವಲ್ಪ ಹೊತ್ತಿನಲ್ಲಿ ಸುಧಾರಿಸಿಕೊಂಡರು. ಬೆಲ್ಲದ ನೀರು ಕುಡಿಸುವಾಗ ಗೊತ್ತಾಯಿತು, ಅವತ್ತು ಏಕಾದಶಿ. ಬೆಳಗ್ಗೆಯಿಂದ ಅವರು ಏನೂ ತಿಂದಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಖಾಲಿ ಹೊಟ್ಟೆ, ಮೊದಲ ಸಲದ ಭಯ, ಕೂತ ಭಂಗಿ ಮೂರೂ ಸೇರಿದರೆ ಹೀಗಾಗುತ್ತದೆ. ಅಂದಿನಿಂದ ಹೊಸಬರಿಗೆ ಮಲಗಿಸಿಯೇ ಸೂಜಿ ಹಾಕುತ್ತೇನೆ. ಸೂಜಿಗಳೂ ಕಡಿಮೆಯೇ.

ಮೊದಲ ದಿನ ಅರ್ಧ ಗಂಟೆ ಬರೀ ಮಾತು. ನಿದ್ದೆ ಹೇಗೆ, ಹಸಿವು ಹೇಗೆ, ಹೊಟ್ಟೆ ಸರಿಯಾಗಿ ಹೋಗುತ್ತದಾ, ಬೆವರು ಜಾಸ್ತಿಯಾ, ಕುಡಿಯಲು ಬಿಸಿನೀರು ಬೇಕೋ ತಣ್ಣೀರೋ. ಭುಜದ ನೋವಿಗೆ ಬಂದವರಿಗೆ ಇದೆಲ್ಲ ಯಾಕೆ ಅನಿಸುತ್ತದೆ. ಚೀನಾದ ವೈದ್ಯ ಪದ್ಧತಿ ಭುಜವನ್ನು ಬೇರೆಯಾಗಿ, ಹೊಟ್ಟೆಯನ್ನು ಬೇರೆಯಾಗಿ ನೋಡುವುದಿಲ್ಲ. ಆಮೇಲೆ ಎರಡೂ ಮಣಿಕಟ್ಟಿನಲ್ಲಿ ಮೂರು ಮೂರು ಕಡೆ ಬೆರಳಿಟ್ಟು ನಾಡಿ ನೋಡುತ್ತೇನೆ. ನಾಲಿಗೆ ಚಾಚಲು ಹೇಳುತ್ತೇನೆ.

ಈ ನಾಲಿಗೆಯದೇ ನಮ್ಮ ಮಲೆನಾಡಿನಲ್ಲಿ ದೊಡ್ಡ ಸಮಸ್ಯೆ. ಆ ಪದ್ಧತಿಯಲ್ಲಿ ನಾಲಿಗೆ ತುಂಬಾ ಕೆಂಪಗಿದ್ದರೆ ಒಳಗೆ ಉಷ್ಣ ಎಂದು ಲೆಕ್ಕ. ಇಲ್ಲಿ ಅದು ಕವಳದ ಬಣ್ಣವೂ ಆಗಿರಬಹುದು! ಹಾಗಾಗಿ ಅವತ್ತು ಎಲೆಅಡಿಕೆ ಹಾಕದೆ ಬನ್ನಿ ಎಂದು ಫೋನಿನಲ್ಲೇ ಹೇಳಿಬಿಡುತ್ತೇನೆ. ನಾಲಿಗೆ ನೋಡುವ ನೆಪದಲ್ಲಿ ಬಾಯಿಯೂ ಕಾಣುತ್ತದೆ. ವಾಸಿಯಾಗದ ಹುಣ್ಣು, ಬಿಳಿ ಮಚ್ಚೆ, ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ದಂತ ವೈದ್ಯರ ಹತ್ತಿರ ಕಳಿಸುತ್ತೇನೆ. ಅಡಿಕೆ ಜಗಿಯುವುದರಿಂದ ಬಾಯಿ ಕ್ಯಾನ್ಸರ್ ಬರುತ್ತದೆ. ಅಡಿಕೆ ಬೆಳೆಯುವ ಊರಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ.

"ಈ ಚಿ ಅಂದ್ರೆ ಏನು?" ಎಂದು ಕೆಲವರು ಕೇಳುತ್ತಾರೆ. ದೇಹದಲ್ಲಿ ಹರಿಯುವ ಶಕ್ತಿಗೆ ಚೀನಾದವರು ಇಟ್ಟ ಹೆಸರು ಅದು. ಅದನ್ನು ವಿವರಿಸಲು ನಾನು ನಮ್ಮ ನೀರಿನಿಂದ ಶುರು ಮಾಡುತ್ತೇನೆ. ಬೆರಳ ತುದಿಯಿಂದ ಮೊಣಕೈವರೆಗೆ, ಕಾಲ್ಬೆರಳಿಂದ ಮಂಡಿವರೆಗೆ ಸೂಜಿ ಹಾಕುವ ಮುಖ್ಯ ಬಿಂದುಗಳನ್ನು ಅವರು ಬಾವಿ, ಒರತೆ, ಹಳ್ಳ, ಹೊಳೆ, ಸಮುದ್ರ ಎಂದು ಕರೆದಿದ್ದಾರೆ. ಚಿ ತುದಿಯಲ್ಲಿ ಸಣ್ಣಗೆ ಹುಟ್ಟಿ, ಮೇಲೆ ಬರುತ್ತಾ ದೊಡ್ಡದಾಗುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವಿನ ಬಿಂದುವಿನ ಹೆಸರು ಹೆಗು. ಕಣಿವೆ ಕೂಡುವ ಜಾಗ ಎಂದು ಅರ್ಥ. ತುಂಗೆ, ಭದ್ರೆ ಸೇರುವ ಕೂಡ್ಲಿ ನೋಡಿದವರಿಗೆ ಇದು ತಟ್ಟನೆ ಹಿಡಿಸುತ್ತದೆ.

ಆದರೆ ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ದೇಹ ಕೊಯ್ದು ನೋಡಿದರೆ ಈ ಹೊಳೆಗಳು ಸಿಗುವುದಿಲ್ಲ. ಇದು ಎರಡು ಸಾವಿರ ವರ್ಷ ಹಳೆಯ ನಕ್ಷೆ. ಸೂಜಿ ನರಗಳನ್ನು ಕೆಣಕುತ್ತದೆ, ನೋವು ತಗ್ಗಿಸುವ ಎಂಡಾರ್ಫಿನ್ ಬಿಡುಗಡೆಯಾಗುತ್ತದೆ ಎಂಬುದು ಇಂದಿನ ವಿವರಣೆ. ಹಳೆಯ ಬೆನ್ನುನೋವು, ಮಂಡಿನೋವು, ಮೈಗ್ರೇನ್ ಇವುಗಳಲ್ಲಿ ಹಲವರಿಗೆ ಉಪಯೋಗ ಕಂಡಿದೆ. ನಿಜವಾದ ಸೂಜಿಯನ್ನು, ಹಾಕಿದಂತೆ ನಟಿಸುವ ಸುಳ್ಳು ಸೂಜಿಗೆ ಹೋಲಿಸಿದ ಪರೀಕ್ಷೆಗಳಲ್ಲಿ ವ್ಯತ್ಯಾಸ ಸಣ್ಣದು. ಶುಗರ್, ಬಿ.ಪಿ. ಮಾತ್ರೆ ಬಿಡಿಸಿ ಎಂದು ಬಂದವರಿಗೆ ಆಗಲ್ಲ ಎಂದೇ ಹೇಳಿ ಕಳಿಸಿದ್ದೇನೆ.

ಸೂಜಿಯನ್ನು ಕೈಗೆ ಕೊಟ್ಟು ತೋರಿಸಿದರೆ ಅರ್ಧ ಹೆದರಿಕೆ ಹೋಗುತ್ತದೆ. ದಪ್ಪ 0.25 ಮಿಲಿಮೀಟರ್, ಒಳಗೆ ಟೊಳ್ಳಿಲ್ಲ. ಇಂಜೆಕ್ಷನ್ ಸೂಜಿ ಸಾಮಾನ್ಯವಾಗಿ ಇದರ ಎರಡರಷ್ಟು ದಪ್ಪ. ಪ್ಯಾಕೆಟ್ಟನ್ನು ನಿಮ್ಮ ಎದುರೇ ಒಡೆಯಬೇಕು, ಒಂದು ಸಲ ಬಳಸಿದ್ದನ್ನು ಬಿಸಾಡಬೇಕು. ಎಲ್ಲಿಗೆ ಹೋದರೂ ಇದನ್ನು ಕೇಳಿ, ಸಂಕೋಚ ಬೇಡ. ಬಿಂದು ಹುಡುಕಲು ಅವರವರ ಬೆರಳೇ ಅಳತೆ. ಜುಸಾನ್ಲಿ ಬಿಂದು ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಕಣಕಾಲ ಮೂಳೆಯಿಂದ ಒಂದು ಬೆರಳು ಹೊರಕ್ಕೆ. ನಿಮ್ಮ ಬೆರಳು, ನನ್ನದಲ್ಲ. ಸೂಜಿ ಕೂತಾಗ ಭಾರ ಅನಿಸಬಹುದು, ಜುಮ್ಮೆನ್ನಬಹುದು. ಅದು ಸರಿ. ಚುಚ್ಚಿದಂತೆ ಉರಿದರೆ ಹೇಳಿ, ತೆಗೆದು ಬೇರೆ ಕಡೆ ಹಾಕುತ್ತೇನೆ. ಇಪ್ಪತ್ತು ನಿಮಿಷ ಮಲಗಿರಬೇಕು, ಬಹಳ ಜನ ನಿದ್ದೆ ಹೋಗುತ್ತಾರೆ.

ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ಆಗ ಹೆಗು ಮುಟ್ಟುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ, ಪೇಸ್‌ಮೇಕರ್ ಇದ್ದರೂ ಹೇಳಿ.

ಮಳೆಗಾಲದಲ್ಲಿ ಆಗುಂಬೆ, ಹೊಸನಗರ ಕಡೆಯಿಂದ ಕೀಲುನೋವಿನವರು ಬರುತ್ತಾರೆ. ಗಾಳಿ, ಥಂಡಿ, ತೇವ ಮೈಗೆ ಹೊಕ್ಕು ಕೀಲು ಹಿಡಿಯುತ್ತದೆ ಎನ್ನುತ್ತದೆ ಚೀನಾ ವೈದ್ಯ. ಇವರಿಗೆ ಅದನ್ನು ವಿವರಿಸಲೇ ಬೇಕಿಲ್ಲ, ಅವರ ಮಾತೂ ಅದೇ. ಇಲ್ಲಿ ಮೊಕ್ಸಾ ಹಿತ ಕೊಡುತ್ತದೆ. ನಾವು ಗಣೇಶನಿಗೆ ಏರಿಸುವ ಮಾಚಿಪತ್ರೆಯ ಜಾತಿಯ ಎಲೆ ಒಣಗಿಸಿ, ಬತ್ತಿ ಮಾಡಿ, ಚರ್ಮಕ್ಕೆ ತಾಗದಂತೆ ಹಿಡಿದು ಕಾಯಿಸುವುದು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಮಾಡುವುದಿಲ್ಲ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ದಮ್ಮು ಇರುವವರಿಗೆ ಹೊಗೆ ಆಗಿಬರುವುದಿಲ್ಲ.

ಆ ತೀರ್ಥಹಳ್ಳಿ ಅಮ್ಮ ಮತ್ತೆ ಬಂದರು, ಆರು ಸಲ. ನೋವು ಇಳಿಯಿತು. ನಡುವೆ ಒಂದು ದಿನ, ಸುಲಿಯಲು ಹೇಗೆ ಕೂರುತ್ತೀರಿ ತೋರಿಸಿ ಎಂದೆ. ನೆಲದಲ್ಲಿ ಕೂತು, ಪೂರ್ತಿ ಬಗ್ಗಿ ತೋರಿಸಿದರು. ಗೋಣಿಚೀಲ ಮಡಿಸಿ ಎತ್ತರ ಮಾಡಿಕೊಳ್ಳಿ, ಬೆನ್ನಿಗೆ ಗೋಡೆ ಇರಲಿ ಎಂದೆ. ಸೂಜಿಯಿಂದ ಎಷ್ಟು ಕಡಿಮೆಯಾಯಿತು, ಆ ಗೋಣಿಚೀಲದಿಂದ ಎಷ್ಟು ಎಂದು ಬಿಡಿಸಿ ಹೇಳಲಾರೆ. ಮುಂದಿನ ಸುಗ್ಗಿಯಲ್ಲೂ ಅವರು ಸುಲಿಯಲು ಕೂತರು. ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದರಂತೆ.