ಮಾಂಸದ ಬೆಲೆಗೆ ಮಿತಿ ಹಾಕುವುದು ಹೇಗೆ? ಯುದ್ಧಕಾಲದ ಅಮೆರಿಕದ ಲೆಕ್ಕ

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬೆಲೆ ಆಡಳಿತ ಕಚೇರಿ ಮಾಂಸದ ದರವನ್ನು ಹಂತಹಂತವಾಗಿ ಕಟ್ಟಿತು.

ಮೊದಲಿಗೆ ಆಧಾರದ ತಿಂಗಳು. 1942ರ ಮಾರ್ಚ್‌ನಲ್ಲಿ ವ್ಯಾಪಾರಿ ಪಡೆದ ಅತಿ ಹೆಚ್ಚಿನ ದರವೇ ಅವನ ಗರಿಷ್ಠ ಬೆಲೆ ಎಂದು ಏಪ್ರಿಲ್ 28ರಂದು ಆದೇಶವಾಯಿತು. ಬರೆಯಲು ಸುಲಭದ ನಿಯಮ. ಆದರೆ ಆ ತಿಂಗಳು ಅಗ್ಗಕ್ಕೆ ಮಾರಿದವನೇ ಸಿಕ್ಕಿಬಿದ್ದ. ಮುಂದೆ ದರ್ಜೆವಾರು ಪಟ್ಟಿ ಬಂತು. ದನದ ಮಾಂಸಕ್ಕೆ ಎಎ, ಎ, ಬಿ, ಸಿ ಎಂಬ ಮುದ್ರೆಗಳು.

ಮುದ್ರೆ ಬಿದ್ದ ಮೇಲೆ ಮೋಸವೂ ಜಾಗ ಬದಲಿಸಿತು. ಬಿ ದರ್ಜೆಯನ್ನು ಎ ಎಂದು ಮಾರುವುದು, ಕೊಬ್ಬು ಮೂಳೆ ಬಿಡಿಸದೆ ತೂಗುವುದು, ಬೇಡದ ಸಾಮಾನು ಕೊಂಡರೆ ಮಾತ್ರ ಒಳ್ಳೆಯ ತುಂಡು ಕೊಡುವುದು. ಹಾಗಾಗಿ ದರದ ಜೊತೆಗೆ ಹೇಗೆ ಕಡಿಯಬೇಕು, ಎಷ್ಟು ಕೊಬ್ಬು ತೆಗೆಯಬೇಕು ಎಂಬುದನ್ನೂ ನಿಯಮದಲ್ಲಿ ಬರೆಯಲೇಬೇಕು.

ನಿಜಕ್ಕೂ ಎಡವಿದ್ದು ಜೀವಂತ ಜಾನುವಾರಿನ ಬಳಿ. ಮಾಂಸಕ್ಕೆ ಮಿತಿ ಬಿದ್ದಾಗ ಅದಕ್ಕೆ ಮಿತಿ ಇರಲಿಲ್ಲ. 1,000 ಪೌಂಡಿನ ಹೋರಿ ಕೊಯ್ದರೆ ಸುಮಾರು 600 ಪೌಂಡ್ ಮಾಂಸ, ಮೂಳೆ ಸೇರಿ. ಉದಾಹರಣೆಗೆ, ಪೌಂಡಿಗೆ 15 ಸೆಂಟ್‌ನಂತೆ ಕೊಂಡರೆ ಹೋರಿಗೆ 150 ಡಾಲರ್. ಮಾಂಸದ ಮಿತಿ 22 ಸೆಂಟ್ ಇದ್ದರೆ ಕೈಗೆ ಬರುವುದು 132. ಉಳಿದ 18 ಡಾಲರ್ ಮತ್ತು ಕೂಲಿ ಚರ್ಮ, ಕೊಬ್ಬು, ಕರುಳಿನಿಂದ ಹುಟ್ಟಬೇಕು. ಹುಟ್ಟದಿದ್ದರೆ ಕಾನೂನು ಪಾಲಿಸುವ ದೊಡ್ಡ ಕಸಾಯಿಖಾನೆ ಸಂತೆಯಲ್ಲಿ ಕೈಕಟ್ಟಿ ನಿಲ್ಲುತ್ತದೆ; ಲೆಕ್ಕಪತ್ರವಿಲ್ಲದೆ ಮಾರುವವನು ಹೋರಿ ಹೊಡೆದುಕೊಂಡು ಹೋಗುತ್ತಾನೆ. ಈ ಕಂದಕ ತುಂಬಲು 1943ರ ಜೂನ್‌ನಿಂದ ಸರ್ಕಾರ ಸಹಾಯಧನ ಕೊಟ್ಟಿತು. ಜೀವಂತ ದನದ ಬೆಲೆಗೆ ಮಿತಿ ಬಂದದ್ದು 1945ರ ಜನವರಿಯಲ್ಲಿ, ಬಹಳ ತಡವಾಗಿ.

ಪಡಿತರವಿಲ್ಲದ ಮಿತಿಯಲ್ಲಿ ಸರತಿಯ ಮೊದಲಿಗನೇ ಎಲ್ಲವನ್ನೂ ಒಯ್ಯುತ್ತಾನೆ. 1943ರ ಮಾರ್ಚ್ 29ರಿಂದ ಮಾಂಸಕ್ಕೂ ಪಡಿತರ ಬಂತು: ತಲೆಗೆ ವಾರಕ್ಕೆ 16 ಕೆಂಪು ಪಾಯಿಂಟ್, ಅಂದರೆ ಕೊಳ್ಳುವಾಗ ಹಣದ ಜೊತೆಗೆ ಕೊಡಬೇಕಾದ ಪಡಿತರ ಅಂಕಗಳು. ಬೆಣ್ಣೆ, ಚೀಸ್ ಕೂಡ ಅದರಲ್ಲೇ. ದಾಸ್ತಾನು ಕಡಿಮೆಯಾದ ತುಂಡಿಗೆ ಪಾಯಿಂಟ್ ಏರಿಸುತ್ತಿದ್ದರು, ದರ ಹಾಗೇ ಇರುತ್ತಿತ್ತು.

ಮಿತಿ ತೆಗೆಯುವ ಕ್ರಮ ಇನ್ನೂ ಕಷ್ಟ. ಪಡಿತರ 1945ರ ನವೆಂಬರ್‌ನಲ್ಲೇ ಹೋಯಿತು, ಬೆಲೆಮಿತಿ ಉಳಿಯಿತು. 1946ರ ಜೂನ್ 30ಕ್ಕೆ ಕಾನೂನಿನ ಅವಧಿ ಮುಗಿದು ದರ ಜಿಗಿಯಿತು. ಮಿತಿ ಮತ್ತೆ ಬರುತ್ತದೆಂದು ಮುಂಚೆಯೇ ಗೊತ್ತಾದ್ದರಿಂದ ಸಾಕುವವರು ಇನ್ನೂ ಮೇಯಬೇಕಿದ್ದ ದನಗಳನ್ನೂ ಆಗಸ್ಟ್‌ನಲ್ಲೇ ಮಾರಿದರು. ಸೆಪ್ಟೆಂಬರ್‌ನಲ್ಲಿ ಮಿತಿ ಮರಳಿದಾಗ ಉಳಿದವನ್ನು ಹಟ್ಟಿಯಿಂದ ಬಿಡಲಿಲ್ಲ. ಅಂಗಡಿಗಳು ಬರಿದಾದವು. ಚುನಾವಣೆಗೆ ಮೂರು ವಾರವಿರುವಾಗ, ಅಕ್ಟೋಬರ್ 14ರಂದು, ಅಧ್ಯಕ್ಷ ಟ್ರೂಮನ್ ಮಾಂಸದ ಮಿತಿ ತೆಗೆದರು.