ಬೆವರಿ ತೊಯ್ದ ಮಗು: ಚೇಳು ಕುಟುಕಿದ್ದೋ, ಏನಾದರೂ ನುಂಗಿದ್ದೋ?

ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಅತ್ತು, ವಾಂತಿ ಮಾಡಿ, ಜೊಲ್ಲು ಸುರಿಸುತ್ತ ಬೆವರಿನಲ್ಲಿ ತೊಯ್ದರೆ ಮನೆಯವರು ಮೊದಲು ಚೇಳು ಹುಡುಕುತ್ತಾರೆ. ಚೇಳು ಸಿಗದಿದ್ದರೂ, ಗುರುತು ಕಾಣದಿದ್ದರೂ ಅನುಮಾನ ಬಿಡಬೇಡಿ. ಕೆಂಪು ಚೇಳಿನ ವಿಷ ಮೈಗೆಲ್ಲ ಏರಿದಾಗ ಕುಟುಕಿದ ಜಾಗದ ನೋವು ಕಡಿಮೆಯೇ ಇರಬಹುದು. ಆದರೆ ಇಂಥದೇ ಬೆವರು ಕೀಟನಾಶಕದಿಂದಲೂ, ಅಜ್ಜನ ಶುಗರ್ ಮಾತ್ರೆಯಿಂದಲೂ ಬರುತ್ತದೆ.

108ಕ್ಕೆ ಕರೆ ಮಾಡಿ, ಗಾಡಿ ಬರುವಷ್ಟರಲ್ಲಿ ಗ್ಲುಕೋಮೀಟರ್ ಇದ್ದರೆ ಸಕ್ಕರೆ ನೋಡಿ. ಚೇಳಿನ ವಿಷಕ್ಕೆ ಅದು ಏರುವುದುಂಟು. 60 mg/dLಗಿಂತ ಕಡಿಮೆಯಿದ್ದರೆ ಮಾತ್ರೆಯ ಮೇಲೇ ಅನುಮಾನ. ಮಗು ಎಚ್ಚರವಾಗಿದ್ದು ಸರಿಯಾಗಿ ನುಂಗುತ್ತಿದ್ದರೆ ಸಕ್ಕರೆ ನೀರು ಕುಡಿಸಿ; ಮಂಕಾಗಿದ್ದರೆ ಬಾಯಿಗೆ ಏನೂ ಹಾಕಬೇಡಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಶುಗರ್ ಮಾತ್ರೆಗಳು ಪುಟ್ಟ ಮಗುವಿಗೆ ಒಂದೇ ಮಾತ್ರೆಯಾದರೂ ಅಪಾಯ. ಗ್ಲುಕೋಸ್ ಕೊಟ್ಟು ಏರಿಸಿದ ಸಕ್ಕರೆ ಗಂಟೆಗಳ ನಂತರ ಮತ್ತೆ ಕುಸಿಯುವುದರಿಂದ, ಚೇತರಿಸಿಕೊಂಡರೂ 24 ಗಂಟೆ ಆಸ್ಪತ್ರೆಯಲ್ಲೇ ಇಡಬೇಕು.

ಇನ್ನು ಕಣ್ಣಿಗೆ ಟಾರ್ಚ್ ಹಿಡಿಯಿರಿ, ಪಾದ ಮುಟ್ಟಿ ನೋಡಿ. ಪಾಪೆ ಸೂಜಿಮೊನೆಯಷ್ಟಾಗಿ, ಕಣ್ಣೀರು, ಭೇದಿ, ಮಾಂಸಖಂಡಗಳ ಅದುರು, ಬಟ್ಟೆಯಲ್ಲಿ ಬೆಳ್ಳುಳ್ಳಿಯಂಥ ಘಾಟು ಇದ್ದರೆ ಕೀಟನಾಶಕ. ಪಾಪೆ ಅಗಲವಾಗಿ, ನಾಡಿ ಓಡುತ್ತ, ಕೈಕಾಲು ತಣ್ಣಗೆ ಕೊರೆಯುತ್ತಿದ್ದರೆ, ಗಂಡುಮಗುವಾದರೆ ಶಿಶ್ನ ಸೆಟೆದಿದ್ದರೆ ಚೇಳು. (ಪಾಪೆಯೊಂದನ್ನೇ ನಂಬಬೇಡಿ; ಕೀಟನಾಶಕ ಕುಡಿದ ಎಲ್ಲ ಮಕ್ಕಳಲ್ಲೂ ಅದು ಕಿರಿದಾಗುವುದಿಲ್ಲ.) ಪಾಪೆ ಅಗಲವಿದ್ದು ಮೈ ಮಾತ್ರ ಒಣಗಿ ಬಿಸಿಯಾಗಿ, ಮಗು ಬಡಬಡಿಸುತ್ತಿದ್ದರೆ ಉಮ್ಮತ್ತಿ ಬೀಜ ಅಥವಾ ಅಲರ್ಜಿ ಸಿರಪ್ ನೆನಪಿಗೆ ಬರಬೇಕು. ವಾಂತಿ ನಿಲ್ಲಲೆಂದು ಮೆಟೊಕ್ಲೊಪ್ರಮೈಡ್ ಕೊಟ್ಟ ಮೇಲೆ ಕತ್ತು ತಿರುಚಿ ಕಣ್ಣು ಮೇಲೆ ಸಿಕ್ಕಿಕೊಂಡರೆ ಅದು ಯಾವ ಹುಳದ ವಿಷವೂ ಅಲ್ಲ, ಆ ಔಷಧದ್ದೇ ಪರಿಣಾಮ.

ಈ ವ್ಯತ್ಯಾಸಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಅಟ್ರೋಪಿನ್‌ಗಾಗಿ. ಕೀಟನಾಶಕಕ್ಕೆ ಅದೇ ಜೀವರಕ್ಷಕ. ಕೆಂಪು ಚೇಳಿಗೆ ಕೊಟ್ಟರೆ ಮೊದಲೇ ಓಡುತ್ತಿರುವ ಹೃದಯಕ್ಕೆ ಇನ್ನಷ್ಟು ಹೊರೆ. ಚೇಳಿಗೆ ಬೇಕಾದದ್ದು ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಬಳಕೆಗೆ ತಂದ ಪ್ರಾಜೋಸಿನ್ ಎಂಬ ರಕ್ತದೊತ್ತಡ ಇಳಿಸುವ ಔಷಧ. ವೈದ್ಯರು ಕೊಡುವ ಪ್ರಮಾಣ ಕೆಜಿಗೆ 30 ಮೈಕ್ರೋಗ್ರಾಂ, ಅಂದರೆ 10 ಕೆಜಿ ಮಗುವಿಗೆ 0.3 ಮಿಲಿಗ್ರಾಂ, ಕೈಕಾಲು ಬೆಚ್ಚಗಾಗುವವರೆಗೆ ಮತ್ತೆ ಕೊಡುತ್ತಾರೆ. ನಿಧಾನವಾಗಿ ಕರಗುವ ಎಕ್ಸ್‌ಎಲ್ ಮಾತ್ರೆ ಇದಕ್ಕೆ ಒದಗದು, ಪುಡಿ ಮಾಡಿಯೂ ಕೊಡಬಾರದು. ಔಷಧ ಬಿದ್ದ ಮೇಲೆ ಮಗುವನ್ನು ಎತ್ತಿ ನಿಲ್ಲಿಸಬೇಡಿ, ರಕ್ತದೊತ್ತಡ ಕುಸಿಯುತ್ತದೆ. ಕೆಮ್ಮು, ಏದುಸಿರು ಶುರುವಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಆಮ್ಲಜನಕ ಇರುವ ಆಸ್ಪತ್ರೆಗೇ ಹೋಗಬೇಕು.

ವಾಂತಿ ಮಾಡಿಸುವುದು, ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕೀಟನಾಶಕದ ಅನುಮಾನವಿದ್ದರೆ ಬಟ್ಟೆ ಬಿಚ್ಚಿ ಸೋಪು ನೀರಿನಲ್ಲಿ ಮೈ ತೊಳೆಯಿರಿ. ಮನೆಯಲ್ಲಿರುವ ಮಾತ್ರೆಯ ಪಟ್ಟಿಗಳಲ್ಲಿ ಎಷ್ಟು ಖಾಲಿಯಾಗಿವೆ ಎಣಿಸಿ, ಡಬ್ಬಿ, ಬಾಟಲಿ ಸಮೇತ ತೆಗೆದುಕೊಂಡು ಹೋಗಿ.