ಟ್ರಯಲ್ ಹಾಕಿದ ದಿನವೇ ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆಯಿರಿ
ಮ್ಯೂಸಿಕ್ ಸಾಫ್ಟ್‌ವೇರ್‌ಗೆ ದುಡ್ಡು ಕೊಡುವ ಮೊದಲು ಟ್ರಯಲ್‌ನಲ್ಲಿ ಅರ್ಧ ನಿಮಿಷದ ಒಂದು ಟ್ಯೂನ್ ಮಾಡಿ, ಸೇವ್ ಮಾಡಿ, ಪೂರ್ತಿ ಮುಚ್ಚಿ, ಮತ್ತೆ ತೆರೆದು ನೋಡಿ. ಆಮೇಲೆ ಎಲ್ಲೆಡೆ ಕೇಳಬಹುದಾದ ವೇವ್ (WAV) ಆಡಿಯೋ ಫೈಲ್ ಆಗಿ ಹೊರಗೆ ತೆಗೆಯಿರಿ. ಫೀಚರ್ ಪಟ್ಟಿ ಎಲ್ಲರದ್ದೂ ಉದ್ದವೇ, ಅಲ್ವಾ? ಆದರೆ ಟ್ರಯಲ್‌ನ ಕಟ್ಟುಪಾಡು ಅಡಗಿರುವುದು ಹೆಚ್ಚಾಗಿ ಈ ಸೇವ್ ಮಾಡುವ, ತೆರೆಯುವ, ಹೊರಗೆ ತೆಗೆಯುವ ಹಂತಗಳಲ್ಲೇ. ಎಫ್‌ಎಲ್ ಸ್ಟುಡಿಯೋ ಟ್ರಯಲ್‌ಗೆ ದಿನಗಳ ಮಿತಿ ಇಲ್ಲ, ಸೇವ್ ಕೂಡ ಆಗುತ್ತದೆ. ಆದರೆ ಕೊಳ್ಳುವವರೆಗೆ ಆ ಪ್ರಾಜೆಕ್ಟ್ ಮತ್ತೆ ತೆರೆಯುವುದಿಲ್ಲ. ರೀಪರ್ 60 ದಿನ ಯಾವ ಅಡ್ಡಿಯೂ ಇಲ್ಲದೆ ಪೂರ್ತಿ ಕೆಲಸ ಮಾಡುತ್ತದೆ, ನೋಡಲು ಮಾತ್ರ ಸ್ವಲ್ಪ ಒರಟು. ಆಪಲ್ ಸಾಧನ ಇದ್ದರೆ ಈ ತಲೆನೋವೇ ಬೇಡ, ಗ್ಯಾರೇಜ್‌ಬ್ಯಾಂಡ್ ಉಚಿತ. ಮುಂದೆ ಆಪಲ್‌ನದೇ ದೊಡ್ಡ ಸಾಫ್ಟ್‌ವೇರ್ ಲಾಜಿಕ್ ಪ್ರೋ ಕೊಂಡರೆ ಅದೇ ಪ್ರಾಜೆಕ್ಟ್‌ಗಳನ್ನು ಅದರಲ್ಲಿ ತೆರೆಯಬಹುದು. ಎಲ್‌ಎಂಎಂಎಸ್ ಕೂಡ ಉಚಿತವೇ. ಬೀಟ್ ಕಟ್ಟುವವರಿಗೆ ಸಾಕು, ಹಾಡಿ ರೆಕಾರ್ಡ್ ಮಾಡುವವರಿಗೆ ಅಲ್ಲ. ಒಂದು ವಿಷಯ ಮಾತ್ರ ಈ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಮೈಕ್‌ನಲ್ಲಿ ಹಾಡಿದ್ದು ಹೆಡ್‌ಫೋನ್‌ಗೆ ತಡವಾಗಿ ಬಂದರೆ ಸುಮ್ನೆ ಸಾಫ್ಟ್‌ವೇರ್ ಬದಲಿಸಬೇಡಿ. ವಿಂಡೋಸ್‌ನಲ್ಲಿ ಅದು ಹೆಚ್ಚಾಗಿ ಡ್ರೈವರ್ (ಸೌಂಡ್ ಸಾಧನವನ್ನು ನಡೆಸುವ ಪ್ರೋಗ್ರಾಂ) ಸಮಸ್ಯೆ. ಆಡಿಯೋ ಸೆಟ್ಟಿಂಗ್‌ನಲ್ಲಿ ತಡ ಕಡಿಮೆ ಮಾಡುವ ಎಎಸ್‌ಐಒ (ASIO) ಡ್ರೈವರ್ ಆರಿಸಿ, ಬಫರ್ (ಧ್ವನಿಯನ್ನು ಒಂದು ಕ್ಷಣ ಹಿಡಿದಿಡುವ ಜಾಗ) ಕಡಿಮೆ ಮಾಡಿ ನೋಡಿ.